ಎಂಜಿನ್ ತಿರುಗಿದರೂ ಕಾರು ಚಾಲೂ ಆಗದಿದ್ದಾಗ

ಕಾರಿನ ಕೀಲಿಯನ್ನು ತಿರುಗಿಸಿದಾಗ ಎರಡು ಬಗೆಯ ವೈಫಲ್ಯಗಳು ಕಂಡುಬರುತ್ತವೆ. ಮೊದಲನೆಯದರಲ್ಲಿ ಎಂಜಿನ್ ಅಲುಗುವುದೇ ಇಲ್ಲ. 'ಟಿಕ್' ಎಂಬ ಸದ್ದು ಮಾತ್ರ ಕೇಳಿಸುತ್ತದೆ, ಅಥವಾ ಅದೂ ಇರುವುದಿಲ್ಲ. ಎರಡನೆಯದರಲ್ಲಿ ಸ್ಟಾರ್ಟರ್ ಮೋಟಾರು ಎಂದಿನಂತೆ ಎಂಜಿನ್ನನ್ನು ತಿರುಗಿಸುತ್ತದೆ, ಪರಿಚಿತವಾದ ಸದ್ದೂ ಬರುತ್ತದೆ, ಆದರೆ ಎಂಜಿನ್ ಹೊತ್ತಿಕೊಂಡು ಸ್ವಂತ ಬಲದಿಂದ ಓಡಲಾರಂಭಿಸುವುದಿಲ್ಲ. ಈ ಎರಡಕ್ಕೂ ಕಾರಣಗಳು ಬೇರೆ, ಪರಿಹಾರಗಳೂ ಬೇರೆ. ಮೊದಲನೆಯದು ಬಹುಮಟ್ಟಿಗೆ ಬ್ಯಾಟರಿ, ಅದರ ತಂತಿಗಳು ಮತ್ತು ಸ್ಟಾರ್ಟರ್ ಮೋಟಾರಿಗೆ ಸಂಬಂಧಿಸಿದುದು. ಎರಡನೆಯದರಲ್ಲಿ ದೋಷವನ್ನು ಬಹುಪಾಲು ಬೇರೆಡೆ ಹುಡುಕಬೇಕಾಗುತ್ತದೆ.

ಈ ವ್ಯತ್ಯಾಸವನ್ನು ಅರಿಯದೆ ಹಣ ಕಳೆದುಕೊಳ್ಳುವವರ ಸಂಖ್ಯೆ ಕಡಿಮೆಯೇನಲ್ಲ. ಎಂಜಿನ್ ಚುರುಕಾಗಿ ತಿರುಗುತ್ತಿದ್ದರೂ ಹೊಸ ಬ್ಯಾಟರಿಯನ್ನು ಕೊಂಡು ಹಾಕಿಸುವುದು, ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆಯೇ ಸರಿ. ಇದಕ್ಕಿಂತಲೂ ಗಂಭೀರವಾದ ಇನ್ನೊಂದು ಅಪಾಯವಿದೆ. ಕೆಲವು ಸಂದರ್ಭಗಳಲ್ಲಿ ಮತ್ತೆ ಮತ್ತೆ ಕೀಲಿ ತಿರುಗಿಸುವುದರಿಂದಲೇ ಸಣ್ಣ ದೋಷವು ಎಂಜಿನ್ನಿನ ನಾಶಕ್ಕೆ ಕಾರಣವಾಗಬಲ್ಲದು. ಆದುದರಿಂದ ಕಾರಣವನ್ನು ಕ್ರಮವಾಗಿ ಪತ್ತೆಹಚ್ಚುವ ವಿಧಾನವನ್ನು ಪ್ರತಿಯೊಬ್ಬ ವಾಹನ ಮಾಲೀಕನೂ ತಿಳಿದಿರುವುದು ಹಿತಕರ.

ಎಂಜಿನ್ನಿಗೆ ಬೇಕಾದ ನಾಲ್ಕು ಅಂಶಗಳು

ಒಲೆ ಹೊತ್ತಿಕೊಳ್ಳಬೇಕಾದರೆ ಸೌದೆ, ಗಾಳಿ ಮತ್ತು ಕಿಡಿ ಬೇಕು. ಪೆಟ್ರೋಲ್ ಎಂಜಿನ್ನಿಗೂ ಇದೇ ನಿಯಮ ಅನ್ವಯಿಸುತ್ತದೆ. ಇಂಧನವು ಗಾಳಿಯೊಡನೆ ತಕ್ಕ ಪ್ರಮಾಣದಲ್ಲಿ ಬೆರೆತು ಸಿಲಿಂಡರಿನೊಳಗೆ ಬರಬೇಕು. ಒಂದು ಕಿಲೋಗ್ರಾಂ ಶುದ್ಧ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋಗ್ರಾಂ ಗಾಳಿ ಅಗತ್ಯ. ಆ ಮಿಶ್ರಣವನ್ನು ಪಿಸ್ಟನ್ ಒತ್ತಿ ಸಂಪೀಡಿಸಬೇಕು. ಸ್ಪಾರ್ಕ್ ಪ್ಲಗ್ಗಿನಿಂದ ಬಲವಾದ ಕಿಡಿ ಹಾರಬೇಕು. ಇವೆಲ್ಲವೂ ಸರಿಯಾದ ಕ್ಷಣದಲ್ಲಿಯೇ ನಡೆಯಬೇಕು. ಇಂಧನ ಮತ್ತು ಗಾಳಿ, ಸಂಪೀಡನ, ಕಿಡಿ, ಕಾಲ - ಈ ನಾಲ್ಕರಲ್ಲಿ ಒಂದು ತಪ್ಪಿದರೂ ಎಂಜಿನ್ ತಿರುಗುತ್ತದೆಯೇ ಹೊರತು ಹೊತ್ತಿಕೊಳ್ಳುವುದಿಲ್ಲ. ಪತ್ತೆಕಾರ್ಯವೆಂದರೆ ನಾಲ್ಕರಲ್ಲಿ ಯಾವುದು ತಪ್ಪಿದೆ ಎಂಬುದನ್ನು ಗೊತ್ತುಪಡಿಸುವುದೇ ಆಗಿದೆ.

1990ರ ದಶಕದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿದ್ದ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿ ಇಂಧನವನ್ನು ಗಾಳಿಯೊಡನೆ ಬೆರೆಸುವ ಕೆಲಸವನ್ನು ಕಾರ್ಬುರೇಟರ್ ಮಾಡುತ್ತಿತ್ತು. ಚಳಿಯಲ್ಲಿ ಚೋಕ್ ಗುಂಡಿಯನ್ನು ಎಳೆದು ಸ್ಟಾರ್ಟ್ ಮಾಡಿದ್ದು ಹಿರಿಯ ಚಾಲಕರಿಗೆ ನೆನಪಿರುತ್ತದೆ. ಹೊಗೆಯ ನಿಯಂತ್ರಣಕ್ಕಾಗಿ ಮಾನದಂಡಗಳು ಹಂತಹಂತವಾಗಿ ಬಿಗಿಯಾದಂತೆ ಕಾರ್ಬುರೇಟರ್ ಮರೆಯಾಗಿ, ವಿದ್ಯುನ್ಮಾನ ನಿಯಂತ್ರಣದ ಇಂಧನ ಇಂಜೆಕ್ಷನ್ ವ್ಯವಸ್ಥೆ ಬಂದಿತು. 2020ರ ಏಪ್ರಿಲ್ 1ರಿಂದ ದೇಶದಾದ್ಯಂತ ಭಾರತ್ ಸ್ಟೇಜ್ 6 ಮಾನದಂಡ ಜಾರಿಯಲ್ಲಿದೆ. ಇಂದಿನ ಕಾರಿನಲ್ಲಿ ಎಷ್ಟು ಇಂಧನ ಚಿಮ್ಮಬೇಕು, ಯಾವಾಗ ಕಿಡಿ ಹಾರಬೇಕು ಎಂಬುದನ್ನು ನಿರ್ಧರಿಸುವುದು ಒಂದು ಪುಟ್ಟ ಗಣಕಯಂತ್ರ. ಅದಕ್ಕೆ ಸುದ್ದಿ ಮುಟ್ಟಿಸುವವು ಎಂಜಿನ್ನಿನ ಮೇಲೆ ಅಲ್ಲಲ್ಲಿ ಅಳವಡಿಸಿರುವ ಸೆನ್ಸರುಗಳು. ಹೀಗಾಗಿ ಹಳೆಯ ಕಾಲದ ಉಪಾಯಗಳೆಲ್ಲವೂ ಈಗ ಸಲ್ಲುವುದಿಲ್ಲ.

ಮುಚ್ಚಳ ತೆರೆಯುವ ಮೊದಲು

ಮೊದಲ ಪರೀಕ್ಷೆ ಚಾಲಕನ ಆಸನದಲ್ಲಿಯೇ ನಡೆಯಬೇಕು. ಎಂಜಿನ್ ತಿರುಗುವ ಸದ್ದನ್ನು ಕಿವಿಗೊಟ್ಟು ಕೇಳತಕ್ಕದ್ದು. ಸದ್ದು ನಿಧಾನವಾಗಿ, ಏದುಸಿರು ಬಿಟ್ಟಂತೆ ಬರುತ್ತಿದ್ದು, ಮುಂಭಾಗದ ದೀಪಗಳು ಬಹಳ ಮಂಕಾಗುತ್ತಿದ್ದರೆ ಬ್ಯಾಟರಿ ದುರ್ಬಲವಾಗಿದೆ ಎಂದರ್ಥ. ಪೂರ್ಣ ಚಾರ್ಜ್ ಆದ 12 ವೋಲ್ಟಿನ ಬ್ಯಾಟರಿಯು ವಿಶ್ರಾಂತ ಸ್ಥಿತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ತಿರುಗುವಾಗ ಅದು 9.6 ವೋಲ್ಟಿಗಿಂತ ಕೆಳಗಿಳಿದರೆ, ಸ್ಟಾರ್ಟರ್ ಹೇಗೋ ತಿರುಗಿದರೂ ಗಣಕಯಂತ್ರಕ್ಕೂ ಕಿಡಿಗೂ ಸಾಕಷ್ಟು ವಿದ್ಯುತ್ತು ಉಳಿಯದೆ ಹೋಗಬಹುದು. ಬ್ಯಾಟರಿಯೇ ದೋಷಿಯಾಗಿರುವ ಸಂದರ್ಭ ಇದೊಂದು. ಬ್ಯಾಟರಿಯ ತುದಿಗಳಲ್ಲಿ ಬಿಳಿಯ ಅಥವಾ ಹಸಿರು ಬಣ್ಣದ ಕಿಲುಬು ಕಟ್ಟಿದ್ದರೆ ಅದೂ ಇದೇ ಪರಿಣಾಮವನ್ನು ಉಂಟುಮಾಡುತ್ತದೆ.

ಸದ್ದು ಎಂದಿಗಿಂತ ವೇಗವಾಗಿ, ತಡೆಯೇ ಇಲ್ಲದಂತೆ ಒಂದೇ ಸಮನೆ ಕೇಳಿಬಂದರೆ ಸಂಪೀಡನ ಇಲ್ಲವಾಗಿರುವ ಸೂಚನೆಯದು. ಅಂತಹ ಸಂದರ್ಭದಲ್ಲಿ ಕೀಲಿಯನ್ನು ಕೂಡಲೆ ಬಿಡಬೇಕು. ಕಾರಣವನ್ನು ಮುಂದೆ ವಿವರಿಸಲಾಗಿದೆ.

ಸದ್ದು ಸಹಜವಾಗಿದ್ದರೆ ಮುಂದಿನ ಗಮನ ಚಾಲಕನ ಎದುರಿನ ಫಲಕದ ಮೇಲಿರಬೇಕು. ಕೀಲಿಯನ್ನು 'ಆನ್' ಸ್ಥಾನಕ್ಕೆ ತಂದಾಗ ಎಂಜಿನ್ ಚಿತ್ರವಿರುವ ಎಚ್ಚರಿಕೆಯ ದೀಪ ಬೆಳಗಬೇಕು. ಅದು ಬೆಳಗದಿದ್ದರೆ ಗಣಕಯಂತ್ರಕ್ಕೆ ವಿದ್ಯುತ್ತು ತಲುಪುತ್ತಿಲ್ಲವೆಂದು ಶಂಕಿಸಿ, ಫ್ಯೂಸು ಮತ್ತು ರಿಲೇಗಳನ್ನು ಪರೀಕ್ಷಿಸಬೇಕು. ಕೀಲಿಯ ಅಥವಾ ಬೀಗದ ಚಿತ್ರವಿರುವ ದೀಪವು ಬಿಡದೆ ಮಿಣುಕುತ್ತಿದ್ದರೆ, ಕಳ್ಳತನ ತಡೆಯುವ ಇಮೊಬಿಲೈಜರ್ ವ್ಯವಸ್ಥೆಯು ಕೀಲಿಯನ್ನು ಗುರುತಿಸಿಲ್ಲ ಎಂದು ತಿಳಿಯಬೇಕು. ಹಲವು ಕಾರುಗಳಲ್ಲಿ ಆಗ ಎಂಜಿನ್ ತಿರುಗುತ್ತದೆ. ಕೆಲವೊಮ್ಮೆ ಒಂದೆರಡು ಸೆಕೆಂಡು ಓಡಿ ನಿಂತುಬಿಡುತ್ತದೆ. ಮನೆಯಲ್ಲಿರುವ ಎರಡನೆಯ ಕೀಲಿಯಿಂದ ಪ್ರಯತ್ನಿಸುವುದೇ ಇದರ ಸುಲಭ ಪರೀಕ್ಷೆ. ಗುಂಡಿ ಒತ್ತಿ ಚಾಲೂ ಮಾಡುವ ಕಾರುಗಳಲ್ಲಿ ಕೀಲಿಯೊಳಗಿನ ಪುಟ್ಟ ಬ್ಯಾಟರಿ ತೀರಿದ್ದರೆ, ಕೈಪಿಡಿಯಲ್ಲಿ ತಿಳಿಸಿರುವ ಜಾಗಕ್ಕೆ, ಅನೇಕ ಕಾರುಗಳಲ್ಲಿ ಆ ಗುಂಡಿಗೇ, ಕೀಲಿಯನ್ನು ತಾಗಿಸಿ ಹಿಡಿದಾಗ ವ್ಯವಸ್ಥೆ ಅದನ್ನು ಗುರುತಿಸುತ್ತದೆ.

ಇಂಧನ ತಲುಪುತ್ತಿದೆಯೆ?

ಇಂಧನದ ಮುಳ್ಳು ಸತ್ಯವನ್ನೇ ಹೇಳುತ್ತದೆ ಎಂದು ನಂಬುವಂತಿಲ್ಲ. ಟ್ಯಾಂಕಿನೊಳಗಿನ ತೇಲುಗುಂಡು ಸಿಕ್ಕಿಕೊಂಡಿದ್ದರೆ ಬರಿದಾದ ಟ್ಯಾಂಕೂ ಅರ್ಧ ತುಂಬಿದಂತೆ ಕಾಣಬಹುದು. ಸಂಶಯವಿದ್ದಲ್ಲಿ ನಾಲ್ಕೈದು ಲೀಟರು ಇಂಧನ ಹಾಕಿಸಿ ನೋಡುವುದು ಅಗ್ಗದ ಪರೀಕ್ಷೆಯಾಗಿದೆ.

ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರುಗಳಲ್ಲಿ ವಿದ್ಯುತ್ ಪಂಪು ಟ್ಯಾಂಕಿನೊಳಗೆ ಇರುತ್ತದೆ. ಬಹುತೇಕ ಕಾರುಗಳಲ್ಲಿ ಕೀಲಿಯನ್ನು 'ಆನ್' ಮಾಡಿದ ಕೂಡಲೆ ಅದು ಎರಡು ಸೆಕೆಂಡುಗಳಷ್ಟು ಕಾಲ ಸಣ್ಣಗೆ ಗುಂಯ್‌ಗುಟ್ಟಿ ನಿಲ್ಲುತ್ತದೆ. ರೇಡಿಯೋ ಮತ್ತು ಫ್ಯಾನುಗಳನ್ನು ನಿಲ್ಲಿಸಿ, ಒಬ್ಬರು ಕೀಲಿ ತಿರುಗಿಸುವಾಗ ಮತ್ತೊಬ್ಬರು ಹಿಂದಿನ ಆಸನದ ಬಳಿ ಕಿವಿಯಿಟ್ಟರೆ ಆ ಸದ್ದು ಕೇಳಿಸುತ್ತದೆ. ಕೇಳಿಸದಿದ್ದಲ್ಲಿ ಪಂಪಿನ ಫ್ಯೂಸು, ನಂತರ ರಿಲೇ, ಕೊನೆಗೆ ಪಂಪು - ಈ ಕ್ರಮದಲ್ಲಿ ಪರೀಕ್ಷೆ ನಡೆಯಬೇಕು. ಸುಟ್ಟ ಫ್ಯೂಸಿನ ಜಾಗದಲ್ಲಿ ಅಷ್ಟೇ ಆಂಪಿಯರಿನ ಹೊಸ ಫ್ಯೂಸನ್ನು ಮಾತ್ರ ಹಾಕತಕ್ಕದ್ದು. ತಂತಿಯ ಚೂರನ್ನು ಸಿಕ್ಕಿಸುವುದು ಬೆಂಕಿಗೆ ಆಹ್ವಾನವಿತ್ತಂತೆ. ಹೊಸ ಫ್ಯೂಸೂ ಸುಟ್ಟರೆ ತಂತಿಯಲ್ಲೆಲ್ಲೋ ಶಾರ್ಟ್ ಆಗಿರುವ ಸಂಭವವಿದೆ. ಕೆಲವು ಕಾರುಗಳಲ್ಲಿ ಬಲವಾದ ಧಕ್ಕೆ ತಗುಲಿದಾಗ ಇಂಧನವನ್ನು ಕಡಿದುಹಾಕುವ ಸುರಕ್ಷತಾ ಸ್ವಿಚ್ಚು ಇರುತ್ತದೆ. ದೊಡ್ಡ ಗುಂಡಿಗೆ ಇಳಿದ ನಂತರವೂ ಅದು ಕೆಲಸ ಮಾಡಿರಬಹುದು.

ಪಂಪು ಸದ್ದು ಮಾಡಿದ ಮಾತ್ರಕ್ಕೆ ಒತ್ತಡ ಸರಿಯಾಗಿದೆ ಎಂದಲ್ಲ. ಸಾಮಾನ್ಯ ಇಂಜೆಕ್ಷನ್ ವ್ಯವಸ್ಥೆಗೆ ಸುಮಾರು 3 ಬಾರ್ ಒತ್ತಡ ಬೇಕು. ಸವೆದ ಪಂಪು ಅಥವಾ ಕಟ್ಟಿಕೊಂಡ ಫಿಲ್ಟರು ಅದನ್ನು ಕುಂದಿಸುತ್ತದೆ. ಈ ಒತ್ತಡವನ್ನು ಮಾಪಕದಿಂದಲೇ ಅಳೆಯಬೇಕಾದ್ದರಿಂದ ಅದು ಮೆಕ್ಯಾನಿಕ್ಕಿನ ಕೆಲಸ.

ದೆಹಲಿ, ಮುಂಬಯಿ, ಪುಣೆಯಂತಹ ನಗರಗಳಲ್ಲಿ ಸಿ.ಎನ್.ಜಿ. ಕಾರುಗಳು ಬಹಳವಾಗಿವೆ. ಇವುಗಳಲ್ಲಿ ಹೆಚ್ಚಿನವು ಪೆಟ್ರೋಲಿನಿಂದ ಚಾಲೂ ಆಗಿ, ಆಮೇಲೆ ತಾವಾಗಿಯೇ ಅನಿಲಕ್ಕೆ ಬದಲಾಗುತ್ತವೆ. ಅನಿಲದ ಸಿಲಿಂಡರು ತುಂಬಿದೆ ಎಂಬ ಧೈರ್ಯದಿಂದ ಪೆಟ್ರೋಲನ್ನು ತಳಮಟ್ಟಕ್ಕೆ ಬಿಟ್ಟವರ ಕಾರು ಒಂದು ಮುಂಜಾನೆ ಬರಿದೆ ತಿರುಗಿ ನಿಲ್ಲುವುದುಂಟು. ಟ್ಯಾಂಕಿನ ಪೆಟ್ರೋಲೇ ಪಂಪನ್ನು ತಂಪಾಗಿಡುವುದರಿಂದ, ಅದು ಸದಾ ತಳಮಟ್ಟದಲ್ಲಿದ್ದರೆ ಪಂಪಿನ ಆಯುಷ್ಯವೂ ಕಡಿಮೆಯಾಗುತ್ತದೆ. ಸಿ.ಎನ್.ಜಿ. ಕಾರಿನಲ್ಲೂ ಕಾಲು ಟ್ಯಾಂಕಿಗೆ ಕಡಿಮೆಯಾಗದಂತೆ ಪೆಟ್ರೋಲ್ ಇಟ್ಟು, ಆಗಾಗ್ಗೆ ಕೆಲವು ಕಿಲೋಮೀಟರು ಪೆಟ್ರೋಲಿನಲ್ಲೇ ಓಡಿಸುವುದು ಒಳಿತು.

ತಿಂಗಳುಗಟ್ಟಲೆ ನಿಂತ ಕಾರಿನ ಪೆಟ್ರೋಲ್ ಬಗ್ಗೆಯೂ ಎಚ್ಚರ ಬೇಕು. ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆಸುವ ಗುರಿಯನ್ನು ದೇಶವು 2025ರಲ್ಲಿ ತಲುಪಿತು. ಎಥೆನಾಲ್ ನೀರನ್ನು ತನ್ನೊಡನೆ ಬೆರೆಸಿಕೊಳ್ಳುತ್ತದೆ. ಟ್ಯಾಂಕಿಗೆ ಹೆಚ್ಚು ನೀರು ಸೇರಿದರೆ ಎಥೆನಾಲ್ ಮತ್ತು ನೀರಿನ ಮಿಶ್ರಣ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಪಂಪು ಹೀರುವುದು ಆ ತಳದಿಂದಲೇ. ಮಳೆಗಾಲದುದ್ದಕ್ಕೂ ನಿಂತ ಕಾರು ಚಾಲೂ ಆಗದಿದ್ದರೆ ಟ್ಯಾಂಕಿನ ಮಾದರಿಯನ್ನು ಗಾಜಿನ ಸೀಸೆಯಲ್ಲಿ ತೆಗೆಸಿ ನೋಡಬೇಕು. ಎರಡು ಪದರಗಳು ಕಂಡರೆ ಟ್ಯಾಂಕನ್ನು ಬರಿದುಮಾಡಿಸುವುದೊಂದೇ ದಾರಿ. ಪೆಟ್ರೋಲ್ ಕಾರಿಗೆ ಡೀಸೆಲ್, ಡೀಸೆಲ್ ಕಾರಿಗೆ ಪೆಟ್ರೋಲ್ ತಪ್ಪಾಗಿ ಬಿದ್ದಿದೆ ಎಂದು ತಿಳಿದಾಗಲಂತೂ ಕೀಲಿಯನ್ನು 'ಆನ್' ಸ್ಥಾನಕ್ಕೂ ತರಬಾರದು.

ಕಿಡಿ ಹಾರುತ್ತಿದೆಯೆ?

ಕೆಲವು ಸೆಕೆಂಡು ಎಂಜಿನ್ ತಿರುಗಿಸಿದ ಬಳಿಕ ಹೊಗೆಕೊಳವೆಯ ಬಳಿ ಪೆಟ್ರೋಲಿನ ಹಸಿ ವಾಸನೆ ಬಂದರೆ, ಇಂಧನವು ಸಿಲಿಂಡರಿಗೆ ತಲುಪುತ್ತಿದೆ, ಆದರೆ ಉರಿಯುತ್ತಿಲ್ಲ ಎಂದು ಊಹಿಸಬಹುದು. ಆಗ ಸಂಶಯ ಕಿಡಿಯ ಕಡೆಗೆ ತಿರುಗುತ್ತದೆ. ವಾಸನೆಯೇ ಇಲ್ಲದಿದ್ದರೆ ಇಂಧನದ ಪರೀಕ್ಷೆಯನ್ನು ಮುಂದುವರಿಸಬೇಕು.

ಸ್ಪಾರ್ಕ್ ಪ್ಲಗ್ಗಿನ ಸಣ್ಣ ಅಂತರವನ್ನು ಕಿಡಿ ದಾಟಲು ಹತ್ತು ಸಾವಿರಕ್ಕೂ ಹೆಚ್ಚು ವೋಲ್ಟುಗಳು ಬೇಕು. ಇಗ್ನಿಷನ್ ಕಾಯಿಲು ಈ ಒತ್ತಡವನ್ನು ಒದಗಿಸುತ್ತದೆ. ಪ್ಲಗ್ಗುಗಳು ಸವೆದರೆ ಅಥವಾ ಮಸಿ ಹಿಡಿದರೆ ಕಿಡಿ ದುರ್ಬಲವಾಗುತ್ತದೆ. ಇಂದಿನ ಅನೇಕ ಕಾರುಗಳಲ್ಲಿ ಸಿಲಿಂಡರಿಗೊಂದು ಕಾಯಿಲು ಇರುವುದರಿಂದ ಒಂದು ಕೆಟ್ಟರೂ ಕಾರು ಅದುರುತ್ತಲೇ ಓಡುತ್ತದೆ. ಎಲ್ಲ ಸಿಲಿಂಡರುಗಳಲ್ಲೂ ಒಮ್ಮೆಲೇ ಕಿಡಿ ನಿಂತಿದ್ದರೆ ದೋಷವು ಅವೆಲ್ಲಕ್ಕೂ ಸಮಾನವಾದ ಸ್ಥಳದಲ್ಲಿರಬೇಕು.

ಅಂತಹ ಸ್ಥಳಗಳಲ್ಲಿ ಮುಖ್ಯವಾದುದು ಕ್ರ್ಯಾಂಕ್ ಷಾಫ್ಟ್ ಸೆನ್ಸರ್. ಎಂಜಿನ್ ತಿರುಗುತ್ತಿದೆ, ಪಿಸ್ಟನ್ ಇಂತಹ ಸ್ಥಾನದಲ್ಲಿದೆ ಎಂಬ ಸುದ್ದಿಯನ್ನು ಗಣಕಯಂತ್ರಕ್ಕೆ ಮುಟ್ಟಿಸುವುದು ಇದೇ. ಸುದ್ದಿ ಬಾರದಿದ್ದರೆ ಸಾಮಾನ್ಯವಾಗಿ ಕಿಡಿಯೂ ಹಾರುವುದಿಲ್ಲ, ಇಂಧನವೂ ಚಿಮ್ಮುವುದಿಲ್ಲ. ಸ್ಟಾರ್ಟರ್ ತಿರುಗುವಾಗ ಎಂಜಿನ್ ವೇಗ ತೋರಿಸುವ ಮುಳ್ಳು ಸ್ವಲ್ಪವೂ ಅಲುಗದಿದ್ದರೆ, ಅನೇಕ ಕಾರುಗಳಲ್ಲಿ ಇದು ಈ ಸೆನ್ಸರಿನ ದೋಷದ ಸುಳಿವಾಗಿರುತ್ತದೆ. ಬಿಸಿಯಾದಾಗ ಕೆಲಸ ನಿಲ್ಲಿಸಿ ತಣ್ಣಗಾದ ಮೇಲೆ ಮತ್ತೆ ಸರಿಯಾಗುವುದು ಇದರ ಇನ್ನೊಂದು ಲಕ್ಷಣ. ದೀರ್ಘ ಪ್ರಯಾಣದ ನಡುವೆ ನಿಂತ ಕಾರು ಅರ್ಧ ಗಂಟೆಯ ನಂತರ ತಾನಾಗಿಯೇ ಚಾಲೂ ಆದರೆ, ಅದು ವಾಸಿಯಾಯಿತೆಂದು ಮರೆಯದೆ ಈ ಸೆನ್ಸರನ್ನು ಪರೀಕ್ಷಿಸಿಸಬೇಕು.

ನಗರಗಳಲ್ಲಿ ಇಲಿಗಳ ಉಪಟಳವನ್ನೂ ಇಲ್ಲಿ ಹೇಳಬೇಕು. ನೆಲಮಾಳಿಗೆಯಲ್ಲಿ ಅಥವಾ ಬೀದಿಬದಿಯಲ್ಲಿ ನಿಂತ ಕಾರಿನ ಬೆಚ್ಚಗಿನ ಎಂಜಿನ್ ಕೋಣೆಗೆ ನುಗ್ಗುವ ಇಲಿಗಳು ತಂತಿಗಳನ್ನು ಕಡಿಯುತ್ತವೆ. ಹಿಂದಿನ ರಾತ್ರಿ ಸರಿಯಾಗಿದ್ದ ಕಾರು ಬೆಳಗ್ಗೆ ಚಾಲೂ ಆಗದಿದ್ದರೆ, ಮುಚ್ಚಳ ತೆರೆದು ಕಡಿದ ತಂತಿ, ಹಿಕ್ಕೆ, ಹುಲ್ಲುಕಡ್ಡಿಗಳಿವೆಯೆ ಎಂದು ಬೆಳಕು ಬಿಟ್ಟು ನೋಡುವುದಕ್ಕೆ ಖರ್ಚೇನೂ ಇಲ್ಲ.

ಪ್ಲಗ್ಗನ್ನು ಬಿಚ್ಚಿ, ಎಂಜಿನ್ನಿಗೆ ತಾಗಿಸಿ ಹಿಡಿದು ಕಿಡಿ ನೋಡುವ ಹಳೆಯ ಪದ್ಧತಿಯನ್ನು ಇಂದಿನ ಕಾರುಗಳಲ್ಲಿ ಅನುಸರಿಸಬಾರದು. ವಿದ್ಯುದಾಘಾತದ ಭಯವಿದೆ, ಹೊರಬಂದ ಪೆಟ್ರೋಲ್ ಆವಿಗೆ ಬೆಂಕಿ ಹೊತ್ತಬಹುದು, ಬೆಲೆಬಾಳುವ ವಿದ್ಯುನ್ಮಾನ ಭಾಗಗಳೂ ಹಾಳಾಗಬಹುದು. ಇದಕ್ಕೆಂದೇ ಇರುವ ಪರೀಕ್ಷಕ ಸಾಧನವನ್ನು ಮೆಕ್ಯಾನಿಕ್ ಬಳಸಬೇಕು.

ಇಂಧನ ಅತಿಯಾಗಿ ಸೇರಿ ಪ್ಲಗ್ಗುಗಳು ಒದ್ದೆಯಾದರೂ ಎಂಜಿನ್ ಹೊತ್ತುವುದಿಲ್ಲ. ಕಾರನ್ನು ಚಾಲೂ ಮಾಡಿ ಎರಡಡಿ ಸರಿಸಿ ಒಡನೆಯೇ ನಿಲ್ಲಿಸಿದಾಗ ಹೀಗಾಗುವುದುಂಟು. ಇಂಜೆಕ್ಷನ್ ವ್ಯವಸ್ಥೆಯ ಅನೇಕ ಕಾರುಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಎಂಜಿನ್ ತಿರುಗಿಸಿದರೆ ಇಂಧನ ನಿಂತು, ಗಾಳಿ ಮಾತ್ರ ಒಳಬಂದು ಸಿಲಿಂಡರು ಒಣಗುತ್ತದೆ. ಎಂಜಿನ್ ಹೊತ್ತಿಕೊಂಡ ಕ್ಷಣವೇ ಕಾಲನ್ನು ತೆಗೆಯಬೇಕು.

ಸಂಪೀಡನ ಮತ್ತು ಕಾಲ

ಪಿಸ್ಟನ್ನುಗಳ ಚಲನೆಗೂ ಕವಾಟಗಳ ತೆರೆಯುವಿಕೆಗೂ ಹೊಂದಾಣಿಕೆ ತರುವುದು ಟೈಮಿಂಗ್ ಬೆಲ್ಟ್ ಅಥವಾ ಸರಪಳಿ. ಬೆಲ್ಟು ತುಂಡಾದರೆ ಕವಾಟಗಳು ಇದ್ದಲ್ಲಿಯೇ ನಿಲ್ಲುತ್ತವೆ, ಸಂಪೀಡನ ಉಂಟಾಗುವುದಿಲ್ಲ, ಎಂಜಿನ್ ಹಗುರವಾಗಿ ಗಿರ್ರನೆ ತಿರುಗುತ್ತದೆ. ಹಲವು ಎಂಜಿನ್ನುಗಳಲ್ಲಿ ಆಗ ಪಿಸ್ಟನ್ನುಗಳು ತೆರೆದ ಕವಾಟಗಳಿಗೆ ಬಡಿದು ಅವನ್ನು ಬಗ್ಗಿಸುತ್ತವೆ. ಕೀಲಿಯನ್ನು ಪ್ರತಿ ಬಾರಿ ತಿರುಗಿಸಿದಾಗಲೂ ಹಾನಿ ಹೆಚ್ಚುತ್ತದೆ. ತಯಾರಕರು ಸೂಚಿಸಿದ ಕಿಲೋಮೀಟರು ಅಥವಾ ವರ್ಷಗಳ ಅವಧಿಗೆ ಸರಿಯಾಗಿ ಬೆಲ್ಟನ್ನು ಬದಲಾಯಿಸುವುದೇ ಇದಕ್ಕೆ ಪರಿಹಾರ. ಬೆಲ್ಟಿನ ಬೆಲೆಯನ್ನು ಎಂಜಿನ್ ದುರಸ್ತಿಯ ವೆಚ್ಚಕ್ಕೆ ಹೋಲಿಸುವಂತೆಯೇ ಇಲ್ಲ.

ಡೀಸೆಲ್ ಎಂಜಿನ್ನಿನ ಮಾತು ಸ್ವಲ್ಪ ಬೇರೆ. ಅದಕ್ಕೆ ಕಿಡಿ ಬೇಡ. ಬಲವಾಗಿ ಸಂಪೀಡಿತವಾದ ಗಾಳಿಯ ಬಿಸಿಯಿಂದಲೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಆದುದರಿಂದ ತಿರುಗುವ ವೇಗ ಕಡಿಮೆಯಾದರೂ, ಚಳಿಯಲ್ಲಿ ಗ್ಲೋ ಪ್ಲಗ್ಗುಗಳು ಬಿಸಿಯಾಗದಿದ್ದರೂ ಅದು ಮುಷ್ಕರ ಹೂಡುತ್ತದೆ. ದೆಹಲಿಯ ಜನವರಿ ಮುಂಜಾನೆಗಳಲ್ಲಿ ಸುರುಳಿಯಾಕಾರದ ದೀಪ ಆರುವವರೆಗೆ ಕಾಯ್ದು ಕೀಲಿ ತಿರುಗಿಸುವುದು ಒಳ್ಳೆಯ ಅಭ್ಯಾಸ. ಇಂಧನ ಪೂರ್ತಿ ಬರಿದಾದಲ್ಲಿ ಅಥವಾ ಫಿಲ್ಟರ್ ಬದಲಾಯಿಸಿದಲ್ಲಿ ಕೊಳವೆಗಳಿಗೆ ಗಾಳಿ ಸೇರುತ್ತದೆ. ಅದನ್ನು ಹೊರಹಾಕುವವರೆಗೆ ಡೀಸೆಲ್ ಎಂಜಿನ್ ಚಾಲೂ ಆಗುವುದಿಲ್ಲ.

ನೀರು ನುಗ್ಗಿದ ಕಾರು

2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ದಾಖಲಾಯಿತು. 2015ರ ಡಿಸೆಂಬರಿನಲ್ಲಿ ಚೆನ್ನೈ ನಗರವು ಜಲಾವೃತವಾಯಿತು. ಇಂತಹ ಸಂದರ್ಭಗಳಲ್ಲಿ ನೀರಿನಲ್ಲಿ ನಿಂತ ಕಾರನ್ನು ಚಾಲೂ ಮಾಡಲು ಮಾಡುವ ಆತುರದ ಪ್ರಯತ್ನವೇ ದೊಡ್ಡ ನಷ್ಟಕ್ಕೆ ಕಾರಣ. ಗಾಳಿಯನ್ನು ಒತ್ತಬಹುದು, ನೀರನ್ನು ಒತ್ತಲಾಗದು. ಸಿಲಿಂಡರಿಗೆ ನೀರು ಸೇರಿದ್ದಾಗ ಎಂಜಿನ್ ತಿರುಗಿದರೆ ಪಿಸ್ಟನ್ನಿನ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ, ಕೆಲವೊಮ್ಮೆ ಎಂಜಿನ್ನಿನ ಹೊದಿಕೆಯನ್ನೇ ಒಡೆಯುತ್ತದೆ.

ಆದಕಾರಣ ನೀರಿನಲ್ಲಿ ನಿಂತುಹೋದ ಕಾರಿನ ಕೀಲಿಯನ್ನು ಮತ್ತೆ ತಿರುಗಿಸತಕ್ಕದ್ದಲ್ಲ. ಸಾಧ್ಯವಿದ್ದರೆ ಬ್ಯಾಟರಿಯ ಸಂಪರ್ಕ ತಪ್ಪಿಸಿ, ಕಾರನ್ನು ಟ್ರಕ್ಕಿನ ಮೇಲೇರಿಸಿ ಗ್ಯಾರೇಜಿಗೆ ಸಾಗಿಸಬೇಕು. ಅಲ್ಲಿ ಏರ್ ಫಿಲ್ಟರು ಒದ್ದೆಯಾಗಿದೆಯೆ, ಎಂಜಿನ್ ಆಯಿಲಿಗೆ ನೀರು ಬೆರೆತು ಹಾಲಿನ ಬಣ್ಣ ಬಂದಿದೆಯೆ ಎಂಬುದನ್ನು ನೋಡಿ, ಪ್ಲಗ್ಗುಗಳನ್ನು ತೆಗೆದು ನೀರನ್ನು ಹೊರಹಾಕಿದ ನಂತರವೇ ಎಂಜಿನ್ ತಿರುಗಿಸಬೇಕು. ಎಂಜಿನ್ ರಕ್ಷಣೆಯ ಪ್ರತ್ಯೇಕ ವಿಸ್ತರಣೆ ಇಲ್ಲದ ಸಾಮಾನ್ಯ ಮೋಟಾರು ವಿಮೆಯಲ್ಲಿ ಈ ಬಗೆಯ ಹಾನಿಗೆ ಪರಿಹಾರ ಸಿಗದಿರುವ ಸಂಭವವೇ ಹೆಚ್ಚು. ಮಳೆಗಾಲಕ್ಕೆ ಮುನ್ನ ಪಾಲಿಸಿಯ ಷರತ್ತುಗಳನ್ನು ಓದಿಕೊಳ್ಳುವುದು ಉತ್ತಮ.

ಮಾಡಬಾರದ ಕೆಲಸಗಳು

ಸ್ಟಾರ್ಟರನ್ನು ಒಂದೇ ಸಲಕ್ಕೆ ಹತ್ತು ಸೆಕೆಂಡಿಗಿಂತ ಹೆಚ್ಚು ತಿರುಗಿಸಬಾರದು. ಎರಡು ಪ್ರಯತ್ನಗಳ ನಡುವೆ ಒಂದು ನಿಮಿಷವಾದರೂ ಬಿಡುವು ಕೊಡಬೇಕು. ಮೂರು ನಾಲ್ಕು ಪ್ರಯತ್ನಗಳಿಗೆ ಫಲ ಸಿಗದಿದ್ದರೆ ನಿಲ್ಲಿಸುವುದೇ ಜಾಣತನ. ಮುಂದುವರಿಸಿದರೆ ಸ್ಟಾರ್ಟರ್ ಸುಟ್ಟು, ಬ್ಯಾಟರಿಯೂ ಬರಿದಾಗಿ, ಒಂದು ದೋಷದ ಜಾಗದಲ್ಲಿ ಮೂರು ದೋಷಗಳಾಗುತ್ತವೆ. ಕಿಡಿಯಿಲ್ಲದೆ ಹೊರಬಂದ ಪೆಟ್ರೋಲ್ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸೇರಿ, ಎಂಜಿನ್ ಹೊತ್ತಿದಾಗ ಅದನ್ನು ಅತಿಯಾಗಿ ಬಿಸಿಮಾಡಿ ಹಾಳುಗೆಡವುತ್ತದೆ. ತಳ್ಳಿ ಸ್ಟಾರ್ಟ್ ಮಾಡುವ ಉಪಾಯವನ್ನು ಇದೇ ಕಾರಣಕ್ಕೆ ಬಿಡಬೇಕು. ಎಂಜಿನ್ ತಿರುಗುತ್ತಲೇ ಇರುವಾಗ ತಳ್ಳುವುದರಿಂದ ಹೆಚ್ಚಿನ ಪ್ರಯೋಜನವೂ ಇಲ್ಲ. ಆಟೋಮ್ಯಾಟಿಕ್ ಗೇರಿನ ಕಾರುಗಳಿಗಂತೂ ಅದು ಸಲ್ಲದು. ಎಂಜಿನ್ ಕೋಣೆಯಲ್ಲಿ ಪೆಟ್ರೋಲಿನ ವಾಸನೆ ಬಲವಾಗಿದ್ದರೆ ಕೀಲಿಯನ್ನು ತೆಗೆದು ದೂರ ಸರಿಯಬೇಕು. ಬೀಡಿ, ಸಿಗರೇಟುಗಳ ಸುಳಿವೂ ಅಲ್ಲಿರಬಾರದು.

ರಸ್ತೆಯ ನಡುವೆ ಕಾರು ನಿಂತಾಗ ದೋಷ ಹುಡುಕುವುದಕ್ಕಿಂತ ಜೀವರಕ್ಷಣೆ ಮೊದಲು. ಎಚ್ಚರಿಕೆಯ ದೀಪಗಳನ್ನು ಹಾಕಿ, ಕಾರನ್ನು ಅಂಚಿಗೆ ಸರಿಸಿ, ಕೆಂಪು ತ್ರಿಕೋನವನ್ನು ಹಿಂದೆ ದೂರದಲ್ಲಿರಿಸಿ, ಪ್ರಯಾಣಿಕರು ಕಾರಿನಿಂದಿಳಿದು ವಾಹನಗಳ ದಾರಿಯಿಂದಾಚೆ ನಿಲ್ಲಬೇಕು. ರಾಷ್ಟ್ರೀಯ ಹೆದ್ದಾರಿಗಳಲ್ಲಿ 1033, ಇತರ ತುರ್ತು ಸಂದರ್ಭಗಳಲ್ಲಿ 112 ಸಂಖ್ಯೆಗೆ ಕರೆ ಮಾಡಬಹುದು.

ಗ್ಯಾರೇಜಿನಲ್ಲಿ

ಭಾಷೆ ಬೇರೆಯಾದ ಊರಿನಲ್ಲಿ ಮೆಕ್ಯಾನಿಕ್ಕಿಗೆ ವಿವರ ಹೇಳುವುದು ಕೆಲವರಿಗೆ ಕಷ್ಟವೆನಿಸಬಹುದು. ನಾಲ್ಕು ಸಂಗತಿಗಳನ್ನು ತಿಳಿಸಿದರೂ ಸಾಕು: ಎಂಜಿನ್ ಯಾವ ವೇಗದಲ್ಲಿ ತಿರುಗುತ್ತಿದೆ, ಪಂಪಿನ ಸದ್ದು ಕೇಳಿಸುತ್ತಿದೆಯೆ, ಪೆಟ್ರೋಲಿನ ವಾಸನೆ ಬರುತ್ತಿದೆಯೆ, ಯಾವ ಎಚ್ಚರಿಕೆಯ ದೀಪ ಬೆಳಗಿದೆ. ಸ್ಕ್ಯಾನರ್ ಯಂತ್ರವನ್ನು ಜೋಡಿಸಿದಾಗ ಕಾರಿನ ಗಣಕಯಂತ್ರವು ದೋಷದ ಸಂಕೇತವನ್ನು ತಿಳಿಸುತ್ತದೆ. ಉದಾಹರಣೆಗೆ 'ಪಿ 0335' ಎಂಬುದು ಕ್ರ್ಯಾಂಕ್ ಷಾಫ್ಟ್ ಸೆನ್ಸರಿನ ಮಂಡಲದ ದೋಷವನ್ನು ಸೂಚಿಸುತ್ತದೆ. ಸಂಕೇತವು ದೋಷವಿರುವ ಬೀದಿಯನ್ನು ತೋರಿಸುತ್ತದೆ, ಮನೆಯನ್ನಲ್ಲ. ಸೆನ್ಸರು ಕೆಟ್ಟಿದೆಯೋ ಅದರ ತಂತಿ ತುಂಡಾಗಿದೆಯೋ ಎಂಬುದನ್ನು ಅಳೆದು ನೋಡಿದ ನಂತರವೇ ಹೊಸ ಭಾಗವನ್ನು ಕೊಳ್ಳಲು ಒಪ್ಪಬೇಕು.

ಕೆಲಸಕ್ಕೆ ಮುನ್ನ ಅಂದಾಜು ವೆಚ್ಚವನ್ನು ಬರಹದಲ್ಲಿ ಪಡೆಯುವುದು, ಬದಲಾಯಿಸಿದ ಹಳೆಯ ಭಾಗವನ್ನು ಕೇಳಿ ನೋಡುವುದು, ಪೂರ್ಣ ವಿವರದ ಬಿಲ್ಲನ್ನು ಇಟ್ಟುಕೊಳ್ಳುವುದು ಗ್ರಾಹಕನ ಹಿತಕ್ಕೆ ಅಗತ್ಯ. ಹಣ ಪಡೆದು ಮಾಡುವ ದುರಸ್ತಿಯು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಸೇವೆಯೆನಿಸುತ್ತದೆ. ಸೇವೆಯಲ್ಲಿ ಲೋಪವಾದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಸಲ್ಲಿಸಬಹುದು.

ಎಂಜಿನ್ ತಿರುಗಿಯೂ ಹೊತ್ತದಿರುವುದು ಒಂದು ಲಕ್ಷಣ; ರೋಗವು ಐವತ್ತು ರೂಪಾಯಿಯೊಳಗಿನ ಫ್ಯೂಸಿನಲ್ಲಿರಬಹುದು, ಸಹಸ್ರಾರು ರೂಪಾಯಿಯ ಪಂಪಿನಲ್ಲೂ ಇರಬಹುದು. ಸುಲಭವೂ ಅಗ್ಗವೂ ಆದ ಪರೀಕ್ಷೆಯಿಂದ ತೊಡಗಿ, ಒಂದೊಂದನ್ನೇ ಖಚಿತಪಡಿಸಿಕೊಂಡು ಮುಂದೆ ಸಾಗಿದರೆ ಹಣವೂ ಉಳಿಯುತ್ತದೆ, ಎಂಜಿನ್ನೂ ಉಳಿಯುತ್ತದೆ.